ಜೋಡಿ ಕೈ ಮೇಲೆ



ಏಪ್ರಿಲ್ 10ಕ್ಕೆ ಶಾಲೆಯ ಫಲಿತಾಂಶ ಕೈಗೆ ಬರುತ್ತದೆ. ಮಾರನೆಯ ಬೆಳಿಗ್ಗೆ ನಮ್ಮ ಮನೆಯ ಜಗುಲಿಯ ಕೆಳಗೆ ಪುಟ್ಟ ಪುಟ್ಟ ಚಪ್ಪಲಿಗಳ ಸಾಲು. ಮಕ್ಕಳು ಕೇಳುವುದು ಒಂದೇ ಮಾತು: "ಟೀಚರ್, ಹೊಳೆಗೆ ಯಾವತ್ತು?" ನಾನು ಶಾಲೆಯ ಕೆಲಸದಿಂದ ನಿವೃತ್ತಳಾಗಿ ಕೆಲವು ವರ್ಷಗಳಾದವು. ಲೆಕ್ಕ, ವ್ಯಾಕರಣ ಎಲ್ಲವನ್ನೂ ಮುಂದಿನವರಿಗೆ ಒಪ್ಪಿಸಿ ಬಂದೆ. ಹೊಳೆಯ ಪಾಠವೊಂದು ನನ್ನಲ್ಲೇ ಉಳಿಯಿತು. ಅದಕ್ಕೇ ಪ್ರತಿ ಬೇಸಿಗೆಯಲ್ಲೂ ಊರಿನ ಇಪ್ಪತ್ತು ಇಪ್ಪತ್ತೈದು ಮಕ್ಕಳನ್ನೂ ಐದಾರು ಜನ ದೊಡ್ಡವರನ್ನೂ ಕಟ್ಟಿಕೊಂಡು ಮಾಲತಿ ಹೊಳೆಗೆ ಹೋಗುತ್ತೇನೆ. ಈ ಹೊತ್ತು ನಿಮ್ಮನ್ನೂ ಅಲ್ಲಿಗೆ ಕರೆದೊಯ್ಯಬೇಕೆಂಬ ಆಸೆ.

ಆಗುಂಬೆ ಸೀಮೆಯ ಕಾಡಿನ ನೀರನ್ನು ಹೊತ್ತು, ತೀರ್ಥಹಳ್ಳಿ ತಾಲ್ಲೂಕಿನ ತೋಟ ಗದ್ದೆಗಳ ಪಕ್ಕದಲ್ಲಿ ಹರಿದು, ತುಂಗೆಯನ್ನು ಸೇರುವ ಹೊಳೆ ಮಾಲತಿ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ. ಹಾಗಾಗಿ ಆಷಾಢದಲ್ಲಿ ಈ ಹೊಳೆಯ ದಡದಲ್ಲಿ ನಿಂತರೆ ಪಕ್ಕದವರ ಮಾತು ಕೇಳಿಸುವುದಿಲ್ಲ. ಕೆಂಪು ನೀರು ದಡದ ಮರಗಳ ಸೊಂಟಕ್ಕೆ ಬಂದಿರುತ್ತದೆ. ಅದೇ ಹೊಳೆ ಚೈತ್ರ ಕಳೆಯುವ ಹೊತ್ತಿಗೆ ಇಳಿದು, ಸೊರಗಿ, ಬಂಡೆಗಳ ಸಂದಿನಲ್ಲಿ ದಾರದಂತೆ ಹರಿಯುತ್ತದೆ. ನಡುನಡುವೆ ಗುಂಡಿಗಳಲ್ಲಿ ನಿಂತು ವಿಶ್ರಮಿಸುತ್ತದೆ. ನಾವು ಹೋಗುವುದು ಅಂಥದೊಂದು ಗುಂಡಿಗೆ. ಮೇಲ್ಗಡೆ ಮೊಣಕಾಲುದ್ದದ ಹರಿವು, ಒಂದು ಬದಿ ನುಣ್ಣನೆಯ ಮರಳು, ಇನ್ನೊಂದು ಬದಿ ದೊಡ್ಡ ಬಂಡೆ, ಬಂಡೆಯ ಬುಡದಲ್ಲಿ ಆಳುದ್ದ ನೀರು, ಮೇಲೆ ಹೊಳೆಮತ್ತಿ ಮರದ ನೆರಳು. ಆ ಗುಂಡಿಗೆ ಊರಿನವರು ಇಟ್ಟ ಹೆಸರೊಂದಿದೆ. ಅದನ್ನು ನಾನು ಇಲ್ಲಿ ಹೇಳುವುದಿಲ್ಲ. ಹೆಸರು ಕೇಳಿಕೊಂಡು, ನೀರಿನ ಗುರುತಿಲ್ಲದೆ ಬಂದು ಇಳಿದವರಿಗೆ ಕೆಡುಕಾದದ್ದನ್ನು ನಮ್ಮ ಸೀಮೆ ಸಾಕಷ್ಟು ಕಂಡಿದೆ.

ಈ ಕೆಲಸವನ್ನು ನಾನೇಕೆ ಹಿಡಿದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಜೊತೆ ಓದುತ್ತಿದ್ದ ಹುಡುಗನೊಬ್ಬ ಬೇಸಿಗೆ ರಜೆ ಮುಗಿದ ಮೇಲೆ ಶಾಲೆಗೆ ಬರಲಿಲ್ಲ. ಮರಳು ತೆಗೆದು ಬಿಟ್ಟಿದ್ದ ಹೊಂಡವೊಂದು ಹೊಳೆಯ ನೀರಿನಡಿ ಕಾಣದಂತೆ ಇತ್ತು. ಸೊಂಟಮಟ್ಟದ ನೀರಿನಲ್ಲಿ ನಡೆಯುತ್ತಿದ್ದವನ ಕಾಲಡಿಯ ನೆಲ ಒಂದೇ ಹೆಜ್ಜೆಗೆ ಇಲ್ಲವಾಯಿತು. ಅವನ ಮನೆಯಲ್ಲಿ ಬಲು ಕಟ್ಟುನಿಟ್ಟು. ಹೊಳೆಯ ಕಡೆ ಹೋಗಕೂಡದು ಎಂದು ದಿನವೂ ಹೇಳುತ್ತಿದ್ದರು. ಅದಕ್ಕೇ ಅವನು ಯಾರಿಗೂ ಹೇಳದೆ, ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಒಬ್ಬನೇ ಹೋಗಿದ್ದ. ಹೊಳೆಗೆ ಹೋಗಬೇಡ ಎಂದು ಅವನಿಗೆ ಎಲ್ಲರೂ ಹೇಳಿದ್ದರು. ಹೊಳೆ ಹೇಗಿರುತ್ತದೆ ಎಂದು ಯಾರೂ ಹೇಳಿರಲಿಲ್ಲ.

ತರಗತಿಯಲ್ಲಿ ಅವನು ಕೂರುತ್ತಿದ್ದ ಆ ಖಾಲಿ ಜಾಗ ನನ್ನ ಕಣ್ಣ ಮುಂದೆ ಇಂದಿಗೂ ಇದೆ. ನಮ್ಮ ದೇಶದಲ್ಲಿ ವರ್ಷಕ್ಕೆ 35,000ಕ್ಕೂ ಹೆಚ್ಚು ಜನ ನೀರಿನಲ್ಲಿ ಮುಳುಗಿ ಸಾಯುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಜಗತ್ತಿನಲ್ಲಿ 5ರಿಂದ 14 ವರ್ಷದ ಮಕ್ಕಳ ಸಾವಿನ ಕಾರಣಗಳಲ್ಲಿ ಮುಳುಗುವುದು ಮೂರನೆಯದು. ಇದು ಎಷ್ಟು ದೊಡ್ಡ ಸಂಕಟವೆಂದರೆ, ವಿಶ್ವಸಂಸ್ಥೆ 2021ರಲ್ಲಿ ಜುಲೈ 25ನ್ನು ಮುಳುಗುವಿಕೆ ತಡೆಯುವ ದಿನವೆಂದು ಗೊತ್ತುಮಾಡಿತು. ಪರಿಹಾರವಾಗಿ ತಜ್ಞರು ಹೇಳುವ ಮಾತುಗಳಲ್ಲಿ ಒಂದು ನಮ್ಮ ಅಜ್ಜಿಯರು ಹೇಳುತ್ತಿದ್ದದ್ದೇ: ಶಾಲೆಗೆ ಹೋಗುವ ವಯಸ್ಸಿನ ಮಕ್ಕಳಿಗೆ ಈಜು ಕಲಿಸಿ, ನೀರಿನಲ್ಲಿ ಹೇಗಿರಬೇಕು, ಬೇರೆಯವರನ್ನು ಹೇಗೆ ಉಳಿಸಬೇಕು ಎಂಬುದನ್ನೂ ಕಲಿಸಿ.

ನನಗೆ ಈಜು ಕಲಿಸಿದ್ದು ನನ್ನ ಅಜ್ಜಿ. ಹೊಳೆಯಾಚೆಯ ಬೆಟ್ಟದಿಂದ ಸೊಪ್ಪು ತರಬೇಕಿದ್ದ ಕಾಲದ ಹೆಂಗಸು ಆಕೆ. ಚೆನ್ನಾಗಿ ಬಲಿತು ಒಣಗಿದ ಎರಡು ಸೋರೆ ಬುರುಡೆಗಳನ್ನು ಹಗ್ಗದಲ್ಲಿ ಹೆಣೆದು ನನ್ನ ಕಂಕುಳಡಿ ಬರುವಂತೆ ಕಟ್ಟಿ, "ಕಾಲು ಬಡಿ, ಗಲ್ಲ ಎತ್ತು" ಎಂದು ನೀರಿಗಿಳಿಸಿದಳು. ಬಯಲುಸೀಮೆಯ ನನ್ನ ಓರಗೆಯವರು ಬೆನ್ನಿಗೆ ಬೆಂಡು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಕಲಿತರು. ಮೇಲೆ ನಿಂತ ಮಾವನೋ ಅಣ್ಣನೋ ಸೊಂಟದ ಹಗ್ಗ ಹಿಡಿದಿರುತ್ತಿದ್ದ. ಬಾಳೆದಿಂಡು ಅಪ್ಪಿಕೊಂಡು ಕಲಿತವರೂ ಉಂಟು. ಆ ಕಲಿಕೆಯಲ್ಲೆಲ್ಲ ಒಂದು ಕಟ್ಟಳೆ ಇತ್ತು: ಮಗು ನೀರಿನಲ್ಲಿದ್ದರೆ ದೊಡ್ಡವರ ಕಣ್ಣು ನೀರಿನ ಮೇಲೆ. ಆಮೇಲೆ ಮನೆಮನೆಗೆ ನಲ್ಲಿ ಬಂತು, ಸೇತುವೆಗಳಾದವು, ಬಾವಿಗಳು ಕೊಳವೆಬಾವಿಗಳಾದವು. ಎಲ್ಲವೂ ಒಳ್ಳೆಯದಕ್ಕೇ ಆಯಿತು. ಆದರೆ ನೀರಿನ ಬಳಿಗೆ ದಿನವೂ ಹೋಗುವ ಕಾರಣ ತಪ್ಪಿತು. ಈಜು ಬಾರದ ತಾಯ್ತಂದೆಯರ ಕೈಯಲ್ಲಿ ಮಕ್ಕಳಿಗೆ ಕೊಡಲು ಹೆದರಿಕೆ ಮಾತ್ರ ಉಳಿಯಿತು. ಹೆದರಿಕೆ ಮಗುವನ್ನು ಹೊಳೆಯಿಂದ ಸ್ವಲ್ಪ ಕಾಲ ದೂರ ಇಡಬಲ್ಲದು. ಏಪ್ರಿಲ್ ಬಿಸಿಲಿಗೆ ಮಗುವಿನ ಆಸೆ ಆ ಹೆದರಿಕೆಯನ್ನು ದಾಟುವ ದಿನ ಬಂದೇ ಬರುತ್ತದೆ. ಆ ದಿನ ಮಗುವಿನ ಜೊತೆ ಯಾರಿರಬೇಕು, ಮಗುವಿಗೆ ಏನು ಗೊತ್ತಿರಬೇಕು ಎಂಬುದೇ ನನ್ನ ಚಿಂತೆ.

ಈಗ ಹೊರಡೋಣ.

ನಮ್ಮ ಪ್ರಯಾಣ ಹಿಂದಿನ ದಿನವೇ ಶುರುವಾಗುತ್ತದೆ. ಈಜು ಚೆನ್ನಾಗಿ ಬಲ್ಲ ಇಬ್ಬರು ಯುವಕರು ಗಳ ಹಿಡಿದು ಗುಂಡಿಗಿಳಿದು, ಮೂಲೆ ಮೂಲೆಯ ಆಳ ನೋಡಿ ಬರುತ್ತಾರೆ. ಹೋದ ವರ್ಷದ ಗುಂಡಿ ಈ ವರ್ಷದ ಗುಂಡಿಯಲ್ಲ. ಒಂದು ಮಳೆಗಾಲ ಮರಳನ್ನು ಎತ್ತಿ ಬೇರೆಡೆ ಹಾಕಿರುತ್ತದೆ. ತೇಲಿಬಂದ ಮರವೊಂದು ನೀರಡಿ ಸಿಕ್ಕಿಕೊಂಡಿರಬಹುದು. ಕೊಂಬೆಗೆ ಬಟ್ಟೆ ಸಿಕ್ಕಿದರೆ ಎಂಥ ಈಜುಗಾರನಿಗೂ ಕಷ್ಟ. ಎದೆಮಟ್ಟ ಮುಗಿದು ಆಳ ಶುರುವಾಗುವಲ್ಲಿ ಅವರು ಒಂದು ಹಗ್ಗ ಕಟ್ಟಿ, ಅದಕ್ಕೆ ಕೆಂಪು ಬಟ್ಟೆಯ ಚೂರುಗಳನ್ನು ಗಂಟು ಹಾಕುತ್ತಾರೆ. ಇನ್ನೊಂದು ಉದ್ದ ಹಗ್ಗಕ್ಕೆ ಮುಚ್ಚಳ ಬಿಗಿದ ಖಾಲಿ ಎಣ್ಣೆ ಕ್ಯಾನು ಕಟ್ಟಿ ಬಂಡೆಯ ಮೇಲಿಡುತ್ತಾರೆ. ಬೇಕಾದರೆ ಎಸೆಯಲು.

ಹೊರಡುವುದು ಬೆಳಿಗ್ಗೆ ಏಳೂವರೆಗೆ, ಮರಳುವುದು ಊಟದ ಹೊತ್ತಿಗೆ ಮೊದಲು. ಬೇಸಿಗೆಯಲ್ಲಿ ಮಲೆನಾಡಿನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನ ದಾಟಿ ಬರುತ್ತದೆ. ಮಕ್ಕಳ ಕೈಯಲ್ಲಿ ಒಂದೊಂದು ಟವೆಲು, ಒಣ ಬಟ್ಟೆ. ದೊಡ್ಡವರ ಕೈಯಲ್ಲಿ ಮೊಸರವಲಕ್ಕಿಯ ಡಬ್ಬ, ಮುರುಗಲು ಹಣ್ಣಿನ ಪಾನಕ. ದಾರಿಯಲ್ಲಿ ನೇರಳೆ ಮರ, ಕಲ್ಲುಬಾಳೆ, ಗೇರು ಹಣ್ಣಿನ ವಾಸನೆ. ಆ ನಡಿಗೆಯಲ್ಲೇ ನಾವು ಜೋಡಿ ಮಾಡಿಬಿಡುತ್ತೇವೆ. ಈಜು ಬಲ್ಲ ಒಬ್ಬೊಬ್ಬರಿಗೂ ಹೊಸಬರೊಬ್ಬರು ಜೋಡಿ. ಹೊಳೆಯಿಂದ ಮನೆಗೆ ಬರುವ ತನಕ ಜೋಡಿ ಬಿಡುವಂತಿಲ್ಲ. ಬಾಯಾರಿಕೆಗೆ ದಡಕ್ಕೆ ಬಂದರೂ ಇಬ್ಬರೂ ಬರಬೇಕು.

ದಡ ಮುಟ್ಟಿದ ಕೂಡಲೇ ನೀರಿಗೆ ಹಾರುವುದಿಲ್ಲ. ಮೊದಲು ಹೊಳೆಯನ್ನು ಓದುವುದು. ಇದು ನನಗೆ ಎಲ್ಲಕ್ಕಿಂತ ಪ್ರಿಯವಾದ ಅರ್ಧ ಗಂಟೆ.

ಒಂದು ಒಣ ಎಲೆಯನ್ನು ಮೇಲ್ಗಡೆ ಬಿಟ್ಟು ಎಲ್ಲರೂ ನೋಡುತ್ತ ಕೂರುತ್ತೇವೆ. ಎಲೆ ಎಲ್ಲಿ ಬೇಗ ಹೋಯಿತು, ಎಲ್ಲಿ ತಡೆಯಿತು, ಎಲ್ಲಿ ಸುತ್ತು ಹೊಡೆಯಿತು? ಹೊಳೆ ತಿರುಗುವಲ್ಲಿ ಹೊರಮಗ್ಗುಲಲ್ಲಿ ನೀರಿಗೆ ವೇಗ ಹೆಚ್ಚು. ಅದು ದಡವನ್ನು ಕೊರೆದು ಆಳ ಮಾಡುತ್ತದೆ. ಒಳಮಗ್ಗುಲಲ್ಲಿ ವೇಗ ಕಡಿಮೆ. ಅಲ್ಲಿ ಮರಳು ಕೂರುತ್ತದೆ. "ಹಾಗಾದರೆ ನಾವು ಎಲ್ಲಿ ಇಳಿಯಬೇಕು?" ಎಂದು ಕೇಳಿದರೆ ಮಕ್ಕಳು ತಾವೇ ಮರಳಿನ ಬದಿಗೆ ಕೈ ತೋರಿಸುತ್ತಾರೆ. ಯಾವ ಹೊಳೆಗೆ ಹೋದರೂ ಈ ಓದು ಅವರ ಜೊತೆಗಿರುತ್ತದೆ.

ಆಮೇಲೆ ಗಳದ ಪಾಠ. ಬೇಸಿಗೆಯ ತಿಳಿನೀರಿನಲ್ಲಿ ತಳದ ಕಲ್ಲು ಒಂದೊಂದೂ ಕಾಣುತ್ತದೆ. "ಇಲ್ಲಿ ಎಷ್ಟು ಆಳ?" ಎಂದು ಕೇಳುತ್ತೇನೆ. "ನನ್ನ ಸೊಂಟದಷ್ಟು" ಎನ್ನುತ್ತಾನೆ ಒಬ್ಬ. ಗಳ ಇಳಿಸಿದರೆ ಅವನ ಎದೆ ದಾಟುತ್ತದೆ. ನೀರಿನಿಂದ ಹೊರಬರುವಾಗ ಬೆಳಕು ಬಾಗುವುದರಿಂದ ನಿಜದ ಆಳದ ಮುಕ್ಕಾಲು ಪಾಲು ಮಾತ್ರ ನಮ್ಮ ಕಣ್ಣಿಗೆ ಕಾಣುವುದು. ಎಂಟು ಅಡಿ ಆರಡಿಯಂತೆ ತೋರುತ್ತದೆ. ವಿಜ್ಞಾನದ ಪುಸ್ತಕದಲ್ಲಿ ಲೋಟದೊಳಗಿನ ಪೆನ್ಸಿಲಿನ ಚಿತ್ರವಾಗಿ ಇದನ್ನು ಓದಿದ ಮಕ್ಕಳೇ ಅವರೆಲ್ಲ. ಆ ಚಿತ್ರಕ್ಕೂ ತಮ್ಮ ಪ್ರಾಣಕ್ಕೂ ನಂಟಿದೆ ಎಂದು ಅವರಿಗೆ ಗೊತ್ತಾಗುವುದು ಆ ಗಳ ನೀರೊಳಗೆ ಇಳಿಯುತ್ತ ಹೋದಾಗ.

ಮೂರನೆಯದು ಬಂಡೆ. ಪಾಚಿ ಹಸಿರು ಕಂಡಲ್ಲಿ ನಿಲ್ಲಬೇಡಿ, ಕೂತು ಸರಿಯಿರಿ. ಬಂಡೆಯಿಂದ ತಲೆ ಕೆಳಗಾಗಿ ಯಾರೂ ಹಾರುವುದಿಲ್ಲ. ಈಜು ಬಲ್ಲ ಹಿರಿಯರೂ ಹಾರುವುದಿಲ್ಲ. ಕಾಣದ ಕಲ್ಲೊಂದು ಕತ್ತಿನ ಮೂಳೆಗೆ ತಾಗಿದರೆ ಉಳಿದ ಬದುಕನ್ನು ಹಾಸಿಗೆಯಲ್ಲೇ ಕಳೆಯಬೇಕಾದೀತು. ಈ ಮಾತನ್ನು ನಾನು ಪ್ರತಿ ವರ್ಷ ಹೇಳುತ್ತೇನೆ, ಪ್ರತಿ ವರ್ಷವೂ ನಿಧಾನವಾಗಿ ಹೇಳುತ್ತೇನೆ.

ಇನ್ನು ನೀರು. ಮೊದಲ ಮಗು ಕಾಲಿಟ್ಟು ಹೊಮ್ಮಿಸುವ ಆ "ಹಾ!" ಎಂಬ ಸದ್ದನ್ನು ಈ ಬಾನುಲಿಯಲ್ಲಿ ನಿಮಗೆ ಕೇಳಿಸಲು ಸಾಧ್ಯವಿದ್ದರೆ! ಮರಳಿನ ಬದಿಯಲ್ಲಿ ಕೂತು ಕಾಲು ಬಡಿಯುವುದು, ಮುಖ ಅದ್ದಿ ಮೂಗಿನಿಂದ ಗುಳ್ಳೆ ಬಿಡುವುದು, ಆಮೇಲೆ ಅಂಗಾತ ತೇಲುವುದು. ಹೊಸಬರಿಗೆ ನಾವು ಮೊದಲು ಕಲಿಸುವುದು ಕೈ ಬೀಸಿ ಮುಂದೆ ಹೋಗುವುದನ್ನಲ್ಲ, ಹೋಗದೆ ತೇಲುವುದನ್ನು. ಎದೆ ತುಂಬ ಉಸಿರಿದ್ದರೆ ಮನುಷ್ಯನ ಮೈ ನೀರಿಗಿಂತ ತುಸು ಹಗುರ. ಕಿವಿ ನೀರೊಳಗೆ, ಗಲ್ಲ ಆಕಾಶದ ಕಡೆಗೆ, ಕೈ ಅಗಲ. ಬೆನ್ನಿನಡಿ ನನ್ನ ಅಂಗೈ ಇರುತ್ತದೆ. ಮಗುವಿನ ಕತ್ತಿನ ಬಿಗಿ ಸಡಿಲವಾಗುವ ಗಳಿಗೆ ಅಂಗೈಗೆ ತಿಳಿಯುತ್ತದೆ. ಆಗ ಕೈಯನ್ನು ಮೆಲ್ಲನೆ ಇಳಿಸುತ್ತೇನೆ. ಮಗು ತೇಲುತ್ತಿರುತ್ತದೆ, ಕಣ್ಣು ಹೊಳೆಮತ್ತಿಯ ಎಲೆಗಳ ಮೇಲೆ. ನಲವತ್ತು ವರ್ಷ ಮಕ್ಕಳಿಗೆ ಕಲಿಸಿದ ನನಗೆ ಆ ಗಳಿಗೆಯಷ್ಟು ತುಂಬಿದ ಗಳಿಗೆ ಇನ್ನೊಂದಿಲ್ಲ.

ಹತ್ತು ನಿಮಿಷಕ್ಕೊಮ್ಮೆ ಸೀಟಿ. "ಜೋಡಿ ಕೈ ಮೇಲೆ!" ಎಂದು ಕೂಗುತ್ತೇವೆ. ಎಲ್ಲಿದ್ದರೂ, ಏನು ಆಡುತ್ತಿದ್ದರೂ, ಮಕ್ಕಳು ತಮ್ಮ ಜೋಡಿಯ ಕೈ ಹಿಡಿದು ಮೇಲೆತ್ತಬೇಕು. ಹನ್ನೆರಡು ಜೋಡಿ ಕೈ ಎಣಿಸಿದ ಮೇಲೆಯೇ ಮತ್ತೆ ಆಟ. ಬಂಡೆಯ ಮೇಲೆ ಇಬ್ಬರು ಕಾವಲಿಗೆ ಕೂತಿರುತ್ತಾರೆ. ಅವರು ನೀರಿಗಿಳಿಯುವಂತಿಲ್ಲ, ಹರಟುವಂತಿಲ್ಲ, ಮೊಬೈಲು ಮುಟ್ಟುವಂತಿಲ್ಲ. ಅರ್ಧ ಗಂಟೆಗೆ ಕಾವಲು ಬದಲು. ನೀರು ಗಾಳಿಗಿಂತ ಎಷ್ಟೋ ಪಟ್ಟು ಬೇಗ ಮೈಯ ಬಿಸಿಯನ್ನು ಎಳೆದುಕೊಳ್ಳುವುದರಿಂದ ಬೇಸಿಗೆಯಲ್ಲೂ ಮಕ್ಕಳ ತುಟಿ ನೀಲಿಯಾಗುತ್ತದೆ. ನೀಲಿ ಕಂಡರೆ ದಡಕ್ಕೆ, ಬಿಸಿ ಬಂಡೆಯ ಮೇಲೆ.

ಎರಡು ವರ್ಷದ ಹಿಂದೆ ಹನ್ನೆರಡರ ಹುಡುಗಿಯೊಬ್ಬಳು ಇಡೀ ಬೆಳಿಗ್ಗೆ ದಡದಲ್ಲೇ ಕೂತಿದ್ದಳು. ತಮ್ಮ ನೀರಿನಲ್ಲಿ ಆಡುತ್ತಿದ್ದ, ಅವಳು ಅವನ ಚಪ್ಪಲಿ ಕಾಯುತ್ತಿದ್ದಳು. ಕೇಳಿದರೆ, "ಅಮ್ಮ ಬೇಡ ಅಂದಿದ್ದಾರೆ, ದೊಡ್ಡವಳಾದೆನಂತೆ" ಎಂದಳು. ಮುಂದಿನ ವರ್ಷ ನಾನು ಆ ತಾಯಿಯನ್ನೇ ಕರೆದೆ. ಇನ್ನೂ ನಾಲ್ಕು ಜನ ತಾಯಂದಿರು ಬಂದರು. ದುಪಟ್ಟಾ ದಡದಲ್ಲಿ ಬಿಟ್ಟು, ನೀರು ಹೀರಿ ಭಾರವಾಗದ ಹಗುರ ಬಟ್ಟೆ ತೊಟ್ಟು ಹೆಣ್ಣುಮಕ್ಕಳೆಲ್ಲ ಇಳಿದರು. ಸ್ವಲ್ಪ ಹೊತ್ತಿಗೆ ಆ ತಾಯಿಯೂ ಸೊಂಟಮಟ್ಟದ ನೀರಿನಲ್ಲಿ ನಿಂತಿದ್ದಳು, ಮಗಳ ಜೋಡಿಯಾಗಿ. ನಮ್ಮ ಹೆಣ್ಣುಮಕ್ಕಳು ಕೆರೆಗೆ ಬಟ್ಟೆ ಒಗೆಯಲು ಹೋಗುತ್ತಾರೆ, ಕಾಲುವೆಯಲ್ಲಿ ಪಾತ್ರೆ ತೊಳೆಯುತ್ತಾರೆ, ಜಾರಿದ ತಮ್ಮಂದಿರನ್ನು ಎಳೆದುಕೊಳ್ಳಲು ಮೊದಲು ಧುಮುಕುವವರೂ ಅವರೇ. ಈಜು ಅವರಿಗೆ ಬೇಡ ಎನ್ನುವ ಮಾತು ನನ್ನ ಎದೆಯನ್ನು ಚುಚ್ಚುತ್ತದೆ.

ಮೈ ಒಣಗಿಸಿಕೊಳ್ಳುತ್ತ ಮಕ್ಕಳು ಹೊಳೆಯ ಉಳಿದ ನೆಂಟರನ್ನು ನೋಡುತ್ತಾರೆ. ಕಲ್ಲೊಂದನ್ನು ಮೆಲ್ಲನೆ ಎತ್ತಿದರೆ ಅಡಿಯಲ್ಲಿ ಅಂಟಿದ ಮರಿಹುಳುಗಳು. ಏರೋಪ್ಲೇನ್ ಚಿಟ್ಟೆಯೂ ರೆಕ್ಕೆ ಬರುವ ಮುಂಚೆ ನೀರಿನಲ್ಲೇ ಬೆಳೆಯುವಂಥದ್ದು. ನೋಡಿದ ಮೇಲೆ ಕಲ್ಲನ್ನು ಇದ್ದ ಹಾಗೇ ಇಡಬೇಕು. ಬಂಡೆಯಲ್ಲಿ ಒರಳಿನಂಥ ಕುಳಿಗಳಿವೆ. ಮಳೆಗಾಲದ ಸುಳಿಗೆ ಸಿಕ್ಕ ಬೆಣಚುಕಲ್ಲುಗಳು ಅಲ್ಲೇ ತಿರುಗಿ ತಿರುಗಿ, ವರ್ಷಾನುಗಟ್ಟಲೆ ಅರೆದು ಮಾಡಿದ ಕುಳಿಗಳು ಅವು. ಕೆಲವುಗಳಲ್ಲಿ ಅರೆದ ಕಲ್ಲೇ ಗೋಲಿಯಾಗಿ ಕೂತಿರುತ್ತದೆ. ಮಿಂಚುಳ್ಳಿಯೊಂದು ನೀಲಿ ಗೆರೆ ಎಳೆದಂತೆ ಹಾದುಹೋಗುತ್ತದೆ. ಶೃಂಗೇರಿಯಲ್ಲಿ, ತೀರ್ಥಹಳ್ಳಿಯ ಬಳಿಯ ಚಿಪ್ಪಲಗುಡ್ಡೆಯಲ್ಲಿ ತುಂಗೆಯ ಮೀನುಗಳನ್ನು ದೇವರ ಮೀನೆಂದು ಯಾರೂ ಹಿಡಿಯುವುದಿಲ್ಲ ಎಂದು ಹೇಳಿದಾಗ, "ನಮ್ಮ ಗುಂಡಿಯ ಮೀನೂ ದೇವರದ್ದೇ ಅಲ್ಲವಾ ಟೀಚರ್?" ಎಂದು ಕೇಳಿದ ಮಗುವಿದೆ. ಹೌದು ಎಂದೆ. ಅಂದಿನಿಂದ ಸೋಪಿನ ತುಂಡಾಗಲಿ ಪ್ಲಾಸ್ಟಿಕ್ ಚೀಲವಾಗಲಿ ನಮ್ಮ ಗುಂಡಿಯ ಹತ್ತಿರ ಬಂದಿಲ್ಲ. ಮಕ್ಕಳೇ ಬರಗೊಡುವುದಿಲ್ಲ.

ಹೋದ ಬೇಸಿಗೆಯಲ್ಲಿ ಒಂದು ದಿನ, ಹತ್ತೂವರೆ ಇರಬಹುದು, ತಲೆಯ ಮೇಲೆ ಸುಡುಬಿಸಿಲು. ಮೇಲ್ಗಡೆ ಕೂತಿದ್ದ ಹುಡುಗನೊಬ್ಬ "ಟೀಚರ್, ನೀರಿನಲ್ಲಿ ಕಸ ಬರುತ್ತಿದೆ" ಎಂದ. ನೋಡಿದರೆ ತರಗೆಲೆ, ಸಣ್ಣ ಕಡ್ಡಿ, ಅಲ್ಲಲ್ಲಿ ನೊರೆ. ತಿಳಿನೀರು ತುಸು ಮಬ್ಬಾಗಿತ್ತು. ಘಟ್ಟದ ಕಡೆ ಆಕಾಶ ಕಪ್ಪಾಗಿತ್ತು. ಮೂರು ಸೀಟಿ ಊದಿದೆವು. ಎರಡು ನಿಮಿಷದಲ್ಲಿ ಎಲ್ಲರೂ ದಡದ ಮೇಲೆ, ಎಣಿಕೆ ಸರಿಯಾಗಿತ್ತು. ನಾವು ಮೇಲಿನ ದಾರಿ ಹಿಡಿದು ತಿರುಗಿ ನೋಡುವಾಗ, ಮಕ್ಕಳು ಆಡುತ್ತಿದ್ದ ಮರಳ ದಿಣ್ಣೆಯ ಮೇಲೆ ಕೆಂಪು ನೀರು ಹತ್ತಿತ್ತು. ನಮ್ಮೂರಿನಲ್ಲಿ ಒಂದು ಹನಿಯೂ ಬಿದ್ದಿರಲಿಲ್ಲ. ಮೇಲೆಲ್ಲೋ ಬಿದ್ದ ಮಳೆ ಅದು. ಕಸ, ನೊರೆ, ಬಣ್ಣ, ಸದ್ದು, ಈ ನಾಲ್ಕರಲ್ಲಿ ಯಾವುದೊಂದು ಬದಲಾದರೂ ಹೊಳೆ ಬಿಟ್ಟು ಎದ್ದು ಬನ್ನಿ ಎಂಬುದನ್ನು ಆ ಮಕ್ಕಳಿಗೆ ನಾನು ಇನ್ನೊಮ್ಮೆ ಹೇಳಬೇಕಾಗಿಲ್ಲ.

ಕೇಳುಗರೇ, ಈಗ ನೀವು ದಯವಿಟ್ಟು ಮನಸ್ಸಿಟ್ಟು ಕೇಳಬೇಕಾದ ಮಾತು. ಮುಳುಗುತ್ತಿರುವವರು ಕೂಗುವುದಿಲ್ಲ. ಕೂಗಲು ಉಸಿರು ಬೇಕು. ಅವರಿಗೆ ಉಸಿರೆಳೆಯಲೇ ಬಿಡುವಿಲ್ಲ. ಬಾಯಿ ನೀರಿನ ಮಟ್ಟದಲ್ಲಿ ಮುಳುಗೇಳುತ್ತಿರುತ್ತದೆ, ತಲೆ ಹಿಂದಕ್ಕೆ ವಾಲಿರುತ್ತದೆ, ಕೈಗಳು ಕಾಣದ ಏಣಿ ಹತ್ತುವಂತೆ ನೀರನ್ನು ಕೆಳಗೊತ್ತುತ್ತಿರುತ್ತವೆ. ನೋಡುವವರಿಗೆ ಮಗು ಆಡುತ್ತಿದೆ ಎನಿಸುತ್ತದೆ. ಗಲಾಟೆ ಮಾಡುತ್ತಿದ್ದ ಮಗು ಸುಮ್ಮನಾದರೆ ಅದೇ ಎಚ್ಚರಿಕೆಯ ಗಂಟೆ.

ಆಗ ಈಜು ಬಾರದವರು ಹಾರಬಾರದು. ಒಬ್ಬರನ್ನು ಉಳಿಸಲು ಹೋಗಿ ಒಂದೇ ಮನೆಯ ಮೂವರು ನಾಲ್ವರು ಹೋದ ಸುದ್ದಿಯನ್ನು ಪ್ರತಿ ಬೇಸಿಗೆಯಲ್ಲೂ ಪತ್ರಿಕೆಯಲ್ಲಿ ಓದುತ್ತೇವೆ. ನಮ್ಮ ಮಕ್ಕಳಿಗೆ ನಾಲ್ಕು ಮಾತು ಬಾಯಿಪಾಠ: ಕೂಗು, ಚಾಚು, ಎಸೆ, ಹಾರಬೇಡ. ದೊಡ್ಡವರನ್ನು ಕೂಗಿ ಕರೆ. ದಡದಲ್ಲಿ ಮಲಗಿ ಗಳವನ್ನೋ ಪಂಚೆಯನ್ನೋ ಚಾಚು. ಎಟುಕದಿದ್ದರೆ ಹಗ್ಗ ಕಟ್ಟಿದ ಕ್ಯಾನು ಎಸೆ. ಮೇಲೆ ತಂದ ಮೇಲೆ ತಲೆಕೆಳಗು ಮಾಡಿ ತಿರುಗಿಸುವುದು, ಹೊಟ್ಟೆ ಒತ್ತಿ ನೀರು ತೆಗೆಯುವುದು ಬೇಡ. ಅದರಿಂದ ಹೊತ್ತು ಕಳೆಯುತ್ತದೆ, ಕೆಡುಕೂ ಆಗುತ್ತದೆ. ಉಸಿರಿಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಿ, ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಆಮೇಲೆ ಎದೆಯ ನಡುವೆ 30 ಸಲ ಒತ್ತಬೇಕು, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ. ಮತ್ತೆ ಎರಡು ಉಸಿರು. ಇನ್ನೊಬ್ಬರು 108ಕ್ಕೋ 112ಕ್ಕೋ ಕರೆ ಮಾಡಬೇಕು. ನಿಮ್ಮ ಊರಿನ ಆರೋಗ್ಯ ಕೇಂದ್ರದಲ್ಲಿ ಇದನ್ನು ಕೈಯಾರೆ ತೋರಿಸಿಕೊಡಿ ಎಂದು ಕೇಳಿ. ಕಲಿತ ಕೈ ಊರಿಗೊಂದಾದರೂ ಇರಬೇಕು.

ನಿಮ್ಮೂರಲ್ಲಿ ಹೊಳೆ ಇಲ್ಲದಿರಬಹುದು. ಬಯಲುಸೀಮೆಯವರಾದರೆ ಕೃಷಿಹೊಂಡ ಇದ್ದೀತು. ಪ್ಲಾಸ್ಟಿಕ್ ಹಾಳೆ ಹಾಸಿದ ಅದರ ಗೋಡೆ ಒದ್ದೆಯಾದರೆ ಬೆರಳಿಗೆ ಹಿಡಿತವೇ ಇರುವುದಿಲ್ಲ. ಸುತ್ತ ಬೇಲಿ, ಒಳಗೆ ಇಳಿಬಿಟ್ಟ ಗಂಟಿನ ಹಗ್ಗ ಇರಲೇಬೇಕು. ನಾಲೆಯ ಸೀಮೆಯವರಾದರೆ ಕಾಂಕ್ರೀಟಿನ ಇಳಿಜಾರೂ ಹಾಗೇ. ಅದು ಈಜುವ ಜಾಗವಲ್ಲ ಎಂದು ಮಕ್ಕಳಿಗೆ ತಿಳಿಯಬೇಕು. ಕಡಲತೀರದವರಿಗೆ ಒಳಕ್ಕೆ ಎಳೆಯುವ ಸೆಳೆತ ಗೊತ್ತಿದೆ. ಅದಕ್ಕೆ ಎದುರಾಗಿ ಈಜದೆ ದಡದ ಉದ್ದಕ್ಕೆ ಈಜಿ ತಪ್ಪಿಸಿಕೊಳ್ಳುವುದನ್ನು ಮಕ್ಕಳಿಗೆ ಹೇಳಿಕೊಡಿ. ಪ್ರತಿ ನೀರಿಗೂ ಅದರದೇ ಅಕ್ಷರಮಾಲೆ. ಆ ಅಕ್ಷರ ಬಲ್ಲ ಒಬ್ಬ ಮೀನುಗಾರ, ಒಬ್ಬ ಅಂಬಿಗ, ಒಬ್ಬಳು ಅಜ್ಜಿ ನಿಮ್ಮೂರಲ್ಲಿ ಇನ್ನೂ ಇರಬಹುದು. ಅವರ ಮುಂದೆ ಈ ಬೇಸಿಗೆಯಲ್ಲಿ ಹತ್ತು ಮಕ್ಕಳನ್ನು ಕೂರಿಸಿ ಎಂದು ಕೇಳಿಕೊಳ್ಳುತ್ತೇನೆ.

ಜೂನ್ ತಿಂಗಳ ಒಂದು ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ಶಾಲೆ ಶುರುವಾಗಿತ್ತು, ಮುಂಗಾರು ಹಿಡಿದಿತ್ತು. ಕೊಡೆ ಹಿಡಿದು ಸೇತುವೆ ದಾಟುತ್ತಿದ್ದೆ. ನಮ್ಮ ಗುಂಪಿನ ನಾಲ್ಕು ಮಕ್ಕಳು ಚೀಲ ಬೆನ್ನಿಗೇರಿಸಿಕೊಂಡು ಸೇತುವೆಯ ಕಟ್ಟೆಯಿಂದ ಎರಡು ಹೆಜ್ಜೆ ಹಿಂದೆ ನಿಂತು ಹೊಳೆ ನೋಡುತ್ತಿದ್ದರು. ಗುಂಡಿ ಇರಲಿಲ್ಲ, ಮರಳು ಇರಲಿಲ್ಲ, ಬಂಡೆ ಇರಲಿಲ್ಲ. ದಡದಿಂದ ದಡಕ್ಕೆ ಕೆಂಪು ನೀರು. ಅವರಲ್ಲಿ ದೊಡ್ಡವಳು, ತಮ್ಮನ ಚಪ್ಪಲಿ ಕಾದು ಕೂತಿದ್ದ ಅದೇ ಹುಡುಗಿ, ಹೊಸದಾಗಿ ಊರಿಗೆ ಬಂದ ಮಗುವೊಂದಕ್ಕೆ ಕೈ ತೋರಿಸಿ ಹೇಳುತ್ತಿದ್ದಳು: "ಅಲ್ಲಿ ನೀರು ಉಬ್ಬಿದೆ ನೋಡು, ಅದರ ಅಡಿ ನಮ್ಮ ಬಂಡೆ ಇದೆ. ಈಗ ಹತ್ತಿರ ಹೋಗಬಾರದು. ಬೇಸಿಗೆ ಬರಲಿ, ನೀನು ನನ್ನ ಜೋಡಿ."